ಬಂಪರಿನೊಳಗೆ ಟ್ರೈಲರ್ ಪ್ಲಗ್ ಕೂರಿಸಬಹುದಾ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನದು ಶಾಮಿಯಾನ, ಲೈಟಿಂಗ್ ಕೆಲಸ. ಪಿಕಪ್ಪಿನ ಹಿಂದೆ ಎರಡು ಚಕ್ರದ ಟ್ರೈಲರಿನಲ್ಲಿ ಜನರೇಟರ್ ಎಳೆದುಕೊಂಡು ಹೋಗುತ್ತೇನೆ. ಟ್ರೈಲರಿನ ಲೈಟಿಗೆ ಕರೆಂಟ್ ಕೊಡುವ ಏಳು ಪಿನ್ನಿನ ಸಾಕೆಟ್ ಬಂಪರಿನ ಕೆಳಗೆ ಒಂದು ಕಬ್ಬಿಣದ ಪಟ್ಟಿಯಲ್ಲಿ ನೇತಾಡುತ್ತಿದೆ. ಗುಡ್ಡದ ಮನೆಗಳಿಗೆ ಹೋಗುವಾಗ ಕಲ್ಲಿಗೆ ತಾಗಿ ಎರಡು ಸಲ ಒಡೆಯಿತು. ಮಳೆಗಾಲದಲ್ಲಿ ಒಳಗೆಲ್ಲ ಕೆಸರು. ಅದನ್ನು ಬಂಪರಿನೊಳಗೇ ಕೂರಿಸಬಹುದಾ? ಬಂಪರ್ ಕೊರೆದರೆ ಏನಾದರೂ ತೊಂದರೆ ಉಂಟಾ?

ಉತ್ತರ: ಕೂರಿಸಬಹುದು. ಧೈರ್ಯವಾಗಿ ಕೂರಿಸಿ. ತುಳುನಾಡಿನ ಉತ್ಸವಗಳು ಮುಗಿಯುವ ಪತ್ತನಾಜೆಯ ದಿನ ಕಳೆಯಿತು, ಯಕ್ಷಗಾನದ ಆಟ, ದೈವದ ಕೋಲ ಎಲ್ಲ ನಿಂತಿತು, ನಿಮ್ಮ ಜನರೇಟರಿಗೂ ಈಗ ರಜೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಬದಿಯಡ್ಕದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸಕ್ಕೆ ಕೂತು ನನಗೆ 26 ವರ್ಷ ಆಯಿತು. ನಿಮ್ಮ ಹಾಗೆ ಒಡೆದ ಸಾಕೆಟ್ ಕೈಯಲ್ಲಿ ಹಿಡಿದುಕೊಂಡು ಬರುವವರು ಪ್ರತಿ ವರ್ಷ ಇದ್ದಾರೆ. ನಮ್ಮ ದಾರಿಗಳೇ ಹಾಗೆ ಅಲ್ವಾ? ಡಾಮಾರು ಮುಗಿದ ಕೂಡಲೇ ಮುರಕಲ್ಲಿನ ಏರು, ನಡುವಿನಲ್ಲಿ ನೀರು ಹರಿದು ಆದ ಕಣಿ. ಕೆಳಗೆ ನೇತಾಡುವುದು ಯಾವುದೂ ಅಲ್ಲಿ ಉಳಿಯುವುದಿಲ್ಲ.

ಕೊರೆಯುವುದು ಅರ್ಧ ಗಂಟೆಯ ಕೆಲಸ. ಜನ ಅದಕ್ಕೇ ಹೆದರುತ್ತಾರೆ. ನಿಜವಾಗಿ ಕೆಡುವುದು ಬೇರೆ ಕಡೆ, ಬಲ್ಬಿಗೆ ಹೋದ ಕರೆಂಟ್ ಹಿಂದೆ ಬರುವ ಅರ್ತಿಂಗ್ ವಯರಿನಲ್ಲಿ. ಅದರ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಮೊದಲು ಜಾಗ ನೋಡಿ. ಸುಮ್ನೆ ಚಂದ ಕಾಣುತ್ತದೆ ಎಂದು ಬಂಪರಿನ ನಟ್ಟ ನಡುವೆ ಗುರುತು ಹಾಕಬೇಡಿ. ಟ್ರೈಲರನ್ನು ಕೊಕ್ಕೆಗೆ ಹಾಕಿ, ಅಂಗಳದಲ್ಲಿ ಗಾಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಮತ್ತೆ ಬಲಕ್ಕೆ ಪೂರ್ತಿ ತಿರುಗಿಸಿ. ಟ್ರೈಲರಿನಿಂದ ಬರುವ ಕೇಬಲ್ ಎರಡೂ ಕಡೆ ಬಿಗಿಯಾಗಬಾರದು, ನೆಲಕ್ಕೂ ತಾಗಬಾರದು, ಕೊಕ್ಕೆಯ ಎಡೆಗೆ ಸಿಕ್ಕಿಹಾಕಿಕೊಳ್ಳಲೂಬಾರದು. ಕೊಕ್ಕೆಗಿಂತ ಮೇಲೆ, ಒಂದು ಗೇಣು ಪಕ್ಕಕ್ಕೆ ಇದ್ದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಸೈಲೆನ್ಸರಿನ ಬಾಯಿ ಇರುವ ಬದಿ ಬೇಡ. ನಂಬರ್ ಪ್ಲೇಟಿಗೆ ಪ್ಲಗ್ ಆಗಲಿ ಕೇಬಲ್ ಆಗಲಿ ಅಡ್ಡ ಬರಬಾರದು.

ಆಮೇಲೆ ಬಗ್ಗಿ ಬಂಪರಿನ ಹಿಂಬದಿಗೆ ಕೈ ಹಾಕಿ. ಸಾಕೆಟ್ ಮುಂದಿನಿಂದ ಎಷ್ಟು ಕಾಣುತ್ತದೋ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರುತ್ತದೆ, ಅದರ ಹಿಂದೆ ವಯರ್ ಬಗ್ಗಲು ಇನ್ನೂ ನಾಲ್ಕು ಬೆರಳು ಜಾಗ ಬೇಕು. ಸ್ಟೆಪ್ನಿ ಚಕ್ರ ಕೆಳಗೆ ತೂಗುವ ಪಿಕಪ್ ಆದರೆ ಚಕ್ರ ಹಾಕಿಯೇ ಅಳೆಯಿರಿ. ಚಕ್ರ ಬಿಚ್ಚಿಟ್ಟು ಅಳೆದು, ಕೊರೆದು, ಕೊನೆಗೆ ಚಕ್ರ ಕೂರುವುದಿಲ್ಲ ಎಂದು ಬಂದವರನ್ನು ನಾನು ನೋಡಿದ್ದೇನೆ.

ನಿಮ್ಮ ಬಂಪರ್ ಯಾವುದು ಎಂದು ನೀವು ಬರೆದಿಲ್ಲ. ಬಗ್ಗಿಸಿದ ತಗಡಿನ ಬಂಪರ್ ಅಥವಾ ಪ್ಲಾಸ್ಟಿಕ್ ಆದರೆ ಕೊರೆಯಿರಿ. ಹಿಂದಿನಿಂದ ಬಂದ ಕಾರು ಅಡಿಗೆ ನುಗ್ಗದ ಹಾಗೆ ಲಾರಿಗಳಿಗೆ ಹಾಕುವ ದಪ್ಪ ಅಡ್ಡಪಟ್ಟಿ ಉಂಟಲ್ಲ, ಅದಕ್ಕೆ ಮಾತ್ರ ಡ್ರಿಲ್ ಮುಟ್ಟಿಸಬೇಡಿ. ಅದು ಪೆಟ್ಟು ತಡೆಯಲು ಇರುವುದು, ತೂತಾದ ಕಡೆ ಅದರ ಶಕ್ತಿ ಹೋಗುತ್ತದೆ. ಪಿಕಪ್ಪಿನಲ್ಲೂ ಬಂಪರನ್ನು ಚಾಸಿಸ್ಸಿಗೆ ಬಿಗಿದ ಬೋಲ್ಟಿನ ಹತ್ತಿರ ಕೊರೆಯಬೇಡಿ. ಬಂಪರನ್ನೇ ಬದಲಿಸಿ ಬೇರೆ ಮಾಡಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಆಫೀಸಿನಲ್ಲಿ ಕೇಳಿ. ಟ್ರೈಲರಿಗೆ ಬೇರೆಯೇ ರಿಜಿಸ್ಟ್ರೇಶನ್ ಬೇಕು ಎಂಬುದು ನಿಮಗೆ ಗೊತ್ತೇ ಇರಬಹುದು.

ಕೊರೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸಾಕೆಟಿನ ಹಿಂಬದಿಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ, ಆ ರಟ್ಟನ್ನು ಬಂಪರಿಗೆ ಅಂಟಿಸಿ ದೂರ ನಿಂತು ನೋಡಿ. ಓರೆ ಇದ್ದರೆ ಆಗಲೇ ಗೊತ್ತಾಗುತ್ತದೆ. ನಡುವಿಗೆ 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ತೂತು, ಮತ್ತೆ ದೊಡ್ಡ ದುಂಡು ತೂತು ಕೊರೆಯುವ ಹೋಲ್ ಸಾ. ತಗಡಿಗೆ ನಿಧಾನ ವೇಗ, ನಡುನಡುವೆ ಎರಡು ತೊಟ್ಟು ಎಣ್ಣೆ. ಪ್ಲಾಸ್ಟಿಕ್ಕಿಗೂ ನಿಧಾನವೇ, ಜೋರು ಬಿಟ್ಟರೆ ಕರಗಿ ಬಿಟ್ಟಿಗೇ ಅಂಟುತ್ತದೆ. ಗ್ರೈಂಡರ್ ಬೇಡ. ಕಿಡಿ ಹಾರುವ ಕಡೆಯಲ್ಲೇ ವಯರ್ ಇರುತ್ತದೆ, ಡೀಸೆಲ್ ಟ್ಯಾಂಕ್ ಕೂಡ ಬಹಳ ದೂರ ಇರುವುದಿಲ್ಲ.

ಕೊರೆದ ತಗಡಿನ ಅಂಚಿಗೆ ಅರ ಹಾಕಿ ಚೂಪು ತೆಗೆದು ಅದೇ ದಿನ ಪ್ರೈಮರ್ ಹಚ್ಚಿ. ನಾಳೆ ಹಚ್ಚೋಣ ಎಂದರೆ ನಮ್ಮ ಹವೆಯಲ್ಲಿ ಬೆಳಿಗ್ಗೆ ಎದ್ದು ನೋಡುವಾಗ ಅಂಚು ಕೆಂಪಾಗಿರುತ್ತದೆ. ಪ್ರೈಮರ್ ಒಣಗಿದ ಮೇಲೆ ಬಣ್ಣ. ವಯರ್ ಹೋಗುವ ಅಂಚಿಗೆ ರಬ್ಬರ್ ಬಳೆ.

ಸಾಕೆಟಿನ ಮುಚ್ಚಳದ ಬಿಜಾಗರಿ ಮೇಲೆ ಬರಬೇಕು. ಪ್ಲಗ್ ತೆಗೆದ ಕೂಡಲೇ ಮುಚ್ಚಳ ತಾನೇ ಬಿದ್ದು ಮುಚ್ಚಿಕೊಳ್ಳಬೇಕು. ಬಾಯಿ ಒಂದಿಷ್ಟು ಕೆಳಗೆ ಬಗ್ಗಿದರೆ ಇನ್ನೂ ಒಳ್ಳೆಯದು, ಬಿದ್ದ ನೀರು ಹೊರಗೇ ಹರಿಯುತ್ತದೆ. ಹಿಂಬದಿಗೆ ರಬ್ಬರ್ ಟೋಪಿ ಹಾಕಿದರೆ ಅದರ ಅಡಿಗೆ ಒಂದು ಸಣ್ಣ ತೂತು ಬಿಡಿ. ಎಲ್ಲ ಕಡೆ ಸಿಲಿಕಾನ್ ಬಳಿದು ಮುಚ್ಚಿದರೆ ನೀರು ಹೋಗುವುದಿಲ್ಲ ಎಂದು ತುಂಬ ಜನ ತಿಳಿದುಕೊಂಡಿದ್ದಾರೆ. ಮಳೆಗಾಲದಲ್ಲಿ ತೇವ ಹೇಗಾದರೂ ಒಳಗೆ ಹೋಗಿಯೇ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲದಿದ್ದರೆ ಅಲ್ಲೇ ನಿಂತು ಪಿನ್ನುಗಳನ್ನು ಹಸಿರು ಮಾಡುತ್ತದೆ. ವಯರ್ ಕೂಡ ಸಾಕೆಟಿಗೆ ನೇರ ಮೇಲಿನಿಂದ ಇಳಿಯಬಾರದು. ಮೊದಲು ಸಾಕೆಟಿಗಿಂತ ಕೆಳಗೆ ಇಳಿದು, ಬಾಗಿ, ಮತ್ತೆ ಮೇಲೆ ಹತ್ತಬೇಕು. ವಯರಿನ ಮೇಲೆ ಜಾರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮನೆಗೆ ಕರೆಂಟಿನ ವಯರ್ ಎಳೆಯುವಾಗಲೂ ಇದನ್ನೇ ಮಾಡುತ್ತಾರೆ ನೋಡಿ. ಒಂದು ಮೊಳ ವಯರ್ ಹೆಚ್ಚು ಬಿಟ್ಟು ಸುತ್ತಿಡಿ. ಮುಂದೆ ಸಾಕೆಟ್ ಬದಲಿಸುವವನಿಗೆ ಮಲಗಿಕೊಂಡು ಕೆಲಸ ಮಾಡುವುದು ತಪ್ಪುತ್ತದೆ.

ಈಗ ಅರ್ತಿಂಗ್.

ಏಳೆಂಟು ವರ್ಷದ ಹಿಂದೆ ಮುಳ್ಳೇರಿಯ ಕಡೆಯವರೊಬ್ಬರ ಪಿಕಪ್ಪಿಗೆ ನಾನೇ ಈ ಕೆಲಸ ಮಾಡಿಕೊಟ್ಟಿದ್ದೆ. ತಗಡಿನ ಬಂಪರ್, ಗಟ್ಟಿ ಬೋಲ್ಟು. ಅರ್ತಿಂಗಿನ ಬಿಳಿ ವಯರನ್ನು ಅದೇ ಬೋಲ್ಟಿಗೆ ಬಿಗಿದೆ. ಟೆಸ್ಟ್ ಲ್ಯಾಂಪ್ ಹಿಡಿದೆ, ಚೆನ್ನಾಗಿ ಉರಿಯಿತು. ಅವರು ಖುಷಿಯಲ್ಲಿ ಹೋದರು. ಆಗಸ್ಟಿನಲ್ಲಿ ಒಂದು ರಾತ್ರಿ ಫೋನ್ ಬಂತು. ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಆದೂರಿನ ಹತ್ತಿರ ನಿಂತಿದ್ದರು. "ಅಣ್ಣಾ, ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಇಲ್ಲ, ಎರಡೂ ಇಂಡಿಕೇಟರ್ ಮಿಣಮಿಣ ಅಂತದೆ. ಹಿಂದಿನ ಲಾರಿಯವ ಇನ್ನೇನು ಗುದ್ದುತ್ತಿದ್ದ." ನಾನು ಬೈಕಿನಲ್ಲಿ ಹೋದೆ. ಮಳೆ ಬರುತ್ತಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಆ ಬೋಲ್ಟು ಬಿಚ್ಚಿದೆ. ವಾಷರಿನ ಅಡಿಯಲ್ಲಿ ಒಂದು ಪದರ ಬಣ್ಣ ಹಾಗೇ ಇತ್ತು, ಅದರ ಸುತ್ತ ತುಕ್ಕಿನ ಹುಡಿ. ಬೆರಳಿಟ್ಟರೆ ಒದ್ದೆ ಮೆಣಸಿನ ಹುಡಿಯ ಹಾಗೆ ಅಂಟಿತು. ಅಂಗಡಿಯಲ್ಲಿ ಲೈಟ್ ಉರಿದದ್ದು ಬೋಲ್ಟಿನ ಹಲ್ಲಿನ ಮೂಲಕ ಮಾತ್ರ. ಎರಡು ತಿಂಗಳ ಮಳೆಗೆ ಆ ಹಲ್ಲೂ ತುಕ್ಕು ಹಿಡಿದಿತ್ತು. ಹಿಂದೆ ಬಂದ ಲಾರಿಯವನ ಬ್ರೇಕ್ ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿ ಮನೆಗೆ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಅಂದಿನಿಂದ ಒಂದೇ ಒಂದು ಗಾಡಿಗೂ ಬಂಪರಿಗೆ ಅರ್ತಿಂಗ್ ಕೊಟ್ಟಿಲ್ಲ.

ಇಂಡಿಕೇಟರ್ ಯಾಕೆ ಮಿಣಮಿಣ ಅಂದಿತು ಎಂದರೆ, ಟ್ರೈಲರಿನ ಎಲ್ಲ ಬಲ್ಬುಗಳ ಕರೆಂಟ್ ಹಿಂದೆ ಬರಲು ಇರುವುದು ಆ ಒಂದೇ ವಯರ್. ಅದು ಕಡಿದರೆ ಬ್ರೇಕ್ ಬಲ್ಬಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಇಂಡಿಕೇಟರ್ ಬಲ್ಬಿನೊಳಗೆ ಹಿಂದುಮುಂದಾಗಿ ನುಗ್ಗಿ, ಅದರ ವಯರಿನಲ್ಲೇ ಪಿಕಪ್ಪಿಗೆ ಬಂದು, ಅಲ್ಲಿಯ ಬಲ್ಬಿನ ಮೂಲಕ ಅರ್ತಿಗೆ ಸೇರುತ್ತದೆ. ಎಲ್ಲ ಬಲ್ಬು ಅರೆಜೀವ. ಒಂದು ಒತ್ತಿದರೆ ಇನ್ನೊಂದು ಉರಿಯುತ್ತದೆ ಎಂದಾದರೆ ಬಲ್ಬು, ಸ್ವಿಚ್ಚು ಬಿಚ್ಚುತ್ತಾ ಕೂರಬೇಡಿ. ಅರ್ತಿಂಗ್ ನೋಡಿ.

ಕೊಕ್ಕೆ ಕಬ್ಬಿಣದ್ದೇ ಅಲ್ವಾ, ಅದರ ಮೂಲಕ ಅರ್ತಿಂಗ್ ಆಗುತ್ತದೆ ಎನ್ನುವವರೂ ಇದ್ದಾರೆ. ಕೊಕ್ಕೆಗೆ ನೀವು ಗ್ರೀಸ್ ಹಚ್ಚುತ್ತೀರಿ, ಹಚ್ಚಲೇಬೇಕು. ಗ್ರೀಸಿನ ಮೇಲೆ ಕುಣಿಯುವ ಕಬ್ಬಿಣವನ್ನು ನಂಬಿದರೆ ಹೊಂಡಕ್ಕೊಮ್ಮೆ ಲೈಟ್ ಹೋಗಿ ಬರುತ್ತದೆ.

ಲೆಕ್ಕವನ್ನೂ ನೋಡಿ. ಮಾಮೂಲಿ ಬ್ರೇಕ್ ಬಲ್ಬು, ಇಂಡಿಕೇಟರ್ ಬಲ್ಬು ತಲಾ 21 ವ್ಯಾಟ್, ಟೈಲ್ ಅಂದರೆ ಹಿಂದಿನ ಕೆಂಪು ಲೈಟ್ 5 ವ್ಯಾಟ್. ರಾತ್ರಿ ನಾಲ್ಕೂ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರೆ ಟ್ರೈಲರಿನಲ್ಲಿ ಮಾತ್ರ, ಪ್ರತಿಯೊಂದರಲ್ಲೂ ಎರಡೆರಡು ಬಲ್ಬು ಸೇರಿ, 94 ವ್ಯಾಟ್. 12 ವೋಲ್ಟಿಗೆ ಅದು 8 ಆಂಪಿಯರಿನ ಹತ್ತಿರ. ಹೋಗುವಾಗ ಹಂಚಿಹೋದ ಕರೆಂಟ್ ಬರುವಾಗ ಎಲ್ಲ ಒಟ್ಟಿಗೆ ಬಿಳಿ ವಯರಿನಲ್ಲಿ ಬರುತ್ತದೆ. ಹಾಗಾಗಿ ಬೇರೆ ವಯರುಗಳು 1.5 ಸ್ಕ್ವೇರ್ ಮಿಲಿಮೀಟರ್ ಆದರೆ ಅರ್ತಿಂಗ್ 2.5 ಇರಲಿ. ಮ್ಯೂಸಿಕ್ ಸಿಸ್ಟಮಿಗೆ ಹಾಕುವ ಸಪೂರ ವಯರ್ ಬೇಡವೇ ಬೇಡ. ಆ ವಯರನ್ನು ಚಾಸಿಸ್ಸಿನವರೆಗೆ ತನ್ನಿ. ಬಣ್ಣ ಕೆರೆದು ಬೆಳ್ಳಿಯ ಹಾಗೆ ಹೊಳೆಯುವ ಕಬ್ಬಿಣ ಕಾಣಬೇಕು. ರಿಂಗ್ ಟರ್ಮಿನಲ್, ಹಲ್ಲಿನ ವಾಷರ್, ಬೋಲ್ಟು. ಬಿಗಿದಾದ ಮೇಲೆ ಮೇಲಿಂದ ಬಣ್ಣ ಅಥವಾ ಗ್ರೀಸ್. ಪ್ಲಾಸ್ಟಿಕ್ ಬಂಪರಿನವರಿಗೂ ಇದೇ.

ವಯರಿನ ಬಣ್ಣದಲ್ಲಿ ಇನ್ನೊಂದು ತಪ್ಪು ಆಗುತ್ತದೆ. ಗಾಡಿಗಳಲ್ಲಿ ಕಪ್ಪು ಎಂದರೆ ಅರ್ತಿಂಗ್ ಎಂಬ ಅಭ್ಯಾಸ ನಮಗೆಲ್ಲ ಉಂಟು. ಏಳು ಪಿನ್ನಿನ 12 ವೋಲ್ಟ್ ಕೇಬಲಿನಲ್ಲಿ ಹಾಗಲ್ಲ. ಅಲ್ಲಿ 3ನೆಯ ಪಿನ್ನಿನ ಬಿಳಿ ವಯರ್ ಅರ್ತಿಂಗ್. ಕಪ್ಪು 7ನೆಯದು, ಎಡ ಟೈಲ್. ಕಪ್ಪನ್ನು ಚಾಸಿಸ್ಸಿಗೆ ಬಿಗಿದರೆ ಲೈಟ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಉಳಿದಂತೆ 1 ಹಳದಿ, ಎಡ ಇಂಡಿಕೇಟರ್. 4 ಹಸಿರು, ಬಲ ಇಂಡಿಕೇಟರ್. 5 ಕಂದು, ಬಲ ಟೈಲ್. 6 ಕೆಂಪು, ಬ್ರೇಕ್. 2ನೆಯ ನೀಲಿ ಹಿಂದಿನ ಫಾಗ್ ಲೈಟಿಗೆ, ನಿಮಗೆ ಬಹುಶಃ ಬೇಡ. ಆದರೆ ನಿಮ್ಮ ಟ್ರೈಲರಿಗೆ ವಯರಿಂಗ್ ಮಾಡಿದವರು ಕೈಗೆ ಸಿಕ್ಕಿದ ಬಣ್ಣ ಹಾಕಿರಬಹುದು. ಹಳೆ ಸಾಕೆಟ್ ಬಿಚ್ಚುವ ಮೊದಲು ಯಾವ ಪಿನ್ನಿಗೆ ಯಾವ ವಯರ್ ಎಂದು ಬರೆದುಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ.

ಹಳೆ ವಯರ್ ಉದ್ದ ಸಾಲದಿದ್ದರೆ ತಿರುಚಿ ಟೇಪ್ ಸುತ್ತಬೇಡಿ. ಒಂದು ಮಳೆಗಾಲ ಕಳೆದರೆ ಟೇಪಿನ ಅಂಟು ಕರಗಿ ಜಾರಿಹೋಗುತ್ತದೆ. ಸೋಲ್ಡರ್ ಅಥವಾ ಒತ್ತಿ ಬಿಗಿಯುವ ಒಳ್ಳೆ ಕ್ರಿಂಪ್ ಹಾಕಿ, ಅದರ ಮೇಲೆ ಬಿಸಿಗೆ ಕುಗ್ಗುವ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮತ್ತೆ ಎಲ್ಲ ವಯರ್ ಒಟ್ಟಿಗೆ ಫ್ಲೆಕ್ಸಿಬಲ್ ಪೈಪಿನೊಳಗೆ.

ಕೊನೆಗೆ ಪರೀಕ್ಷೆ. ಒಂದೊಂದೇ ಲೈಟ್ ಹಾಕಿ ನೋಡಿದರೆ ಸಾಲದು. ಎಲ್ಲವನ್ನೂ ಒಟ್ಟಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಹಿಂದೆ ನಿಂತು ಕೇಬಲ್ ಅಲ್ಲಾಡಿಸಿ. ಆಮೇಲೆ ಒಂದು ಬಕೆಟ್ ನೀರು ಹೊಯ್ದು ಮತ್ತೆ ನೋಡಿ. ಅಂಗಡಿಯಲ್ಲಿ ಈಗ ನಾನು ಹಾಗೇ ಮಾಡುತ್ತೇನೆ.

ನಿಮ್ಮ ಗಾಡಿ ಈಗ ನಾಲ್ಕು ತಿಂಗಳು ಟ್ರೈಲರ್ ಎಳೆಯದೆ ನಿಲ್ಲುತ್ತದಲ್ಲ, ಮುಚ್ಚಳ ಸರಿಯಾಗಿ ಮುಚ್ಚಿದೆಯಾ ಎಂದು ಆಗಾಗ ನೋಡಿ. ಸಣ್ಣ ಸಂದಿ ಇದ್ದರೂ ಕಣಜ ಬಂದು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಕಳೆದ ದೀಪಾವಳಿಯ ಹೊತ್ತಿಗೆ ಬಂದ ಒಂದು ಸಾಕೆಟಿನಲ್ಲಿ ಏಳರಲ್ಲಿ ಐದು ತೂತು ಸಿಮೆಂಟ್ ಹಾಕಿದ ಹಾಗೆ ಮುಚ್ಚಿತ್ತು. ಸಪೂರ ಸೂಜಿಯಿಂದ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಪಿನ್ನುಗಳಿಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ ಮುಚ್ಚಿಡಿ.

ಪ್ರಶ್ನೆ: ಇದೇ ಟ್ರೈಲರನ್ನು ಉಪ್ಪಳದ ನಮ್ಮ ಭಾವನ ಲಾರಿಗೂ ಕಟ್ಟಬಹುದಾ? ಪ್ಲಗ್ ನೋಡಲು ಒಂದೇ ತರ ಇದೆ.

ಉತ್ತರ: ನಿಮ್ಮ ಪಿಕಪ್ 12 ವೋಲ್ಟ್. ದೊಡ್ಡ ಲಾರಿಗಳು ಸಾಮಾನ್ಯವಾಗಿ 24. ನಿಮ್ಮ ಟ್ರೈಲರಿನ ಬಲ್ಬಿಗೆ 24 ಕೊಟ್ಟರೆ ಒಮ್ಮೆ ಬೆಳ್ಳಗೆ ಹೊಳೆದು ಸುಟ್ಟುಹೋಗುತ್ತದೆ. 24ರ ಸಾಕೆಟ್ ನೋಡಲು ಹಾಗೇ ಇದ್ದರೂ ಅದರ ಪಿನ್ನುಗಳ ವ್ಯತ್ಯಾಸದಿಂದ 12ರ ಪ್ಲಗ್ ಅದಕ್ಕೆ ಕೂರಬಾರದು. ಆದರೆ ಲಾರಿಗೂ ಯಾರಾದರೂ 12ರ ಸಾಕೆಟ್ಟನ್ನೇ ಹಾಕಿಟ್ಟಿದ್ದರೆ ಸಲೀಸಾಗಿ ಕೂರುತ್ತದೆ. ಭಾವನ ಹತ್ತಿರ ಮೊದಲು ಬ್ಯಾಟರಿ ಎಷ್ಟು, ಹೇಗೆ ಜೋಡಿಸಿದೆ ಎಂದು ಕೇಳಿ, ಮೀಟರ್ ಹಿಡಿದು ನೋಡಿ. 24 ಆದರೆ ಟ್ರೈಲರಿನ ಅಷ್ಟೂ ಬಲ್ಬು ಬದಲಿಸಬೇಕು, ಇಲ್ಲದಿದ್ದರೆ 24ನ್ನು 12 ಮಾಡುವ ಕನ್ವರ್ಟರ್ ಹಾಕಬೇಕು. ಕನ್ವರ್ಟರ್ ತರುವುದಾದರೆ 10 ಆಂಪಿಯರಿಗಿಂತ ಕಡಿಮೆಯದ್ದು ತರಬೇಡಿ.