ಕರಾವಳಿಯವನು ನಾನು, ಬೀದರ್ ಕಡೆಯ ಕ್ರೈಸ್ತ ಸಭೆಗೆ ಸೇವೆಗೆ ಹೋಗುತ್ತಿದ್ದೇನೆ. ಅಲ್ಲಿನ ಜನರನ್ನು ಅರಿಯುವುದು ಹೇಗೆ?

ನೀವು ಮಂಗಳೂರು ಕಡೆಯವರು. ಸೆಮಿನರಿ (ದೈವಶಾಸ್ತ್ರ ಶಾಲೆ) ಓದು ಮುಗಿಸಿ ಬೀದರ್ ಜಿಲ್ಲೆಯ ಹಳ್ಳಿ ಸಭೆಗಳಿಗೆ ಪಾಲಕರಾಗಿ (ಪಾಸ್ಟರ್ ಆಗಿ) ಬರುತ್ತಿದ್ದೀರಿ. ಕನ್ನಡ ಬರುತ್ತದೆ, ಆದರೆ ಜನರ ಬದುಕು ಗೊತ್ತಿಲ್ಲ, ಮೊದಲ ವರ್ಷ ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಇದೇ ಕಡೆಯ ಸಭೆಗಳಲ್ಲಿ ಬಹಳ ವರ್ಷಗಳಿಂದ ಪಾಲಕನಾಗಿದ್ದೇನೆ. ನನ್ನ ಮಾತು ಇಷ್ಟೇ: ಮೊದಲ ವರ್ಷ ನೀವು ಕೊಡುವುದಕ್ಕಿಂತ ಜನರಿಂದ ತೆಗೆದುಕೊಳ್ಳುವುದು ಜಾಸ್ತಿ ಇರಲಿ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ನಿಮಗೆ ಬಾಯಿಪಾಠ ಇರುತ್ತದೆ. ಯೇಸು ಸಮಾರ್ಯದ ಹೆಂಗಸಿಗೆ ಜೀವಜಲದ ಮಾತು ಹೇಳುವ ಮೊದಲು ಕುಡಿಯಲು ನೀರು ಕೇಳಿದರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇಲ್ಲದ ಕಾಲ ಅದು. ಇಲ್ಲಿಯೂ ಜನ ನಿಮ್ಮನ್ನು ಅಳೆಯುವುದು ನೀರಿನಿಂದಲೇ. ನಮ್ಮ ಸಭೆಗಳಲ್ಲಿ ಹೆಚ್ಚಿನವರು ದಲಿತ ಮನೆಗಳವರು. ಅವರ ಕೈಯ ನೀರನ್ನು ಊರು ತಲೆತಲಾಂತರದಿಂದ ಮುಟ್ಟಿಲ್ಲ. ನೀವು ಮನೆಗೆ ಹೋಗಿ, ‘ಬೇಡಮ್ಮ, ಈಗಷ್ಟೇ ಊಟ ಆಯ್ತು’ ಅಂದರೆ ಅವರಿಗೆ ಬೇರೆಯೇ ಕೇಳಿಸುತ್ತದೆ. ಕುಚ್ಚಲಕ್ಕಿ, ಮೀನು ತಿಂದು ಬೆಳೆದವರಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಕೆಂಪು ಖಾರ ಮೊದಮೊದಲು ಒಗ್ಗುವುದಿಲ್ಲ. ಆದರೂ ಕೂತು ಉಣ್ಣಿ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳಿ. ಎಷ್ಟೋ ಪ್ರಸಂಗಗಳು ಮಾಡದ ಕೆಲಸವನ್ನು ಆ ರೊಟ್ಟಿ ಮಾಡುವುದನ್ನು ನಾನು ನೋಡಿದ್ದೇನೆ.

ಭಾಷೆಯ ವಿಷಯದಲ್ಲಿ ತಾಳ್ಮೆ ಬೇಕು. ಬೀದರ್ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮರಾಠಿ, ತೆಲುಗು, ದಖನಿ ಉರ್ದು ಎಲ್ಲವೂ ಇಲ್ಲಿನ ಕನ್ನಡದಲ್ಲಿ ಬೆರೆತಿವೆ. ಇದನ್ನು ತಿದ್ದಲು ಹೋಗಬೇಡಿ. ನಿಮ್ಮ ಊರಿನಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ, ಅಲ್ವಾ? 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಕನ್ನಡ ಒಂದೇ ಸಾಕು ಅಂತ ಸುಮ್ನೆ ಕೂರಲಿಲ್ಲ. ಜನ ಮನೆಯಲ್ಲಿ ತುಳು ಆಡುತ್ತಾರೆ ಅಂತ ಕಂಡು 1847ರ ಹೊತ್ತಿಗೆ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಅದೇ ಮಿಷನ್‌ನ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂತು. 1853ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷ ಅವರು ಜನರ ಮಾತಿಗೆ, ಇಲ್ಲಿನ ಪಂಡಿತರಿಗೆ ಶಿಷ್ಯರಾಗಿದ್ದರು.

ಇನ್ನೊಂದು ವಿಷಯ ಸೆಮಿನರಿಯಲ್ಲಿ ಅಷ್ಟಾಗಿ ಹೇಳಿಕೊಡುವುದಿಲ್ಲ. ಕೆಲವು ಮನೆಗಳಲ್ಲಿ ಕಾಗದದ ಮೇಲೆ ಒಂದು ಹೆಸರು, ಸಭೆಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಅದಕ್ಕೆ ಕಾರಣ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ನಿಮ್ಮ ಕಡೆ ಜಾತಿ ಬಿಟ್ಟು ಬಂದವರಿಗೆ ಮಿಷನ್ ನೇಯ್ಗೆಯ ಕೆಲಸ ಕೊಟ್ಟಿತು, 1865ರಿಂದ ಹೆಂಚಿನ ಕಾರ್ಖಾನೆಯಲ್ಲಿ ಕೂಲಿ ಕೊಟ್ಟಿತು. ಇಲ್ಲಿನ ಹಳ್ಳಿಗಳಲ್ಲಿ ಇರುವುದು ಹೊಲದ ಕೂಲಿ, ಇಲ್ಲವೇ ಹೈದರಾಬಾದ್, ಪುಣೆಗೆ ವಲಸೆ. ಒಂದು ಜಾತಿ ಸರ್ಟಿಫಿಕೇಟಿನ ಮೇಲೆ ಮಗಳ ಹಾಸ್ಟೆಲ್ ಸೀಟು ನಿಂತಿರುತ್ತದೆ. ಇದು ತಿಳಿಯದೆ ‘ನಿಮ್ಮ ವಿಶ್ವಾಸ ಎಲ್ಲಿ ಹೋಯಿತು’ ಅಂತ ವೇದಿಕೆಯಿಂದ ಗದರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಮೊದಲು ಆ ತಾಯಿಯ ಕಷ್ಟ ಕೇಳಿ.

ನೆರೆಯವರ ಬಗ್ಗೆಯೂ ಹೇಳಬೇಕು. ಬೀದರ್ ಪಕ್ಕದ ಅಷ್ಟೂರಿನ ಉರುಸಿಗೆ ಹೋಗಿ ಬನ್ನಿ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯನ್ನು ಅಲ್ಲಿ ಮುಸ್ಲಿಮರೂ ಲಿಂಗಾಯತರೂ ಪೂಜ್ಯ ಭಾವದಿಂದ ಕಾಣುತ್ತಾರೆ. ಬಸವಕಲ್ಯಾಣ ನೋಡಿ, ಶರಣರ ವಚನ ಓದಿ. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಯಲ್ಲಿ ನಿಮ್ಮ ಸಭೆಯ ಹುಡುಗರೇ ಮುಂದೆ ಇರುತ್ತಾರೆ, ನೀವೂ ಜೊತೆಗೆ ನಡೆಯಿರಿ. ಅಲ್ಲೆಲ್ಲ ಕರಪತ್ರ ಹಿಡಿದುಕೊಂಡು ಹೋಗಬೇಡಿ. ಯಾರಿಗಾದರೂ ಅಕ್ಕಿ, ಔಷಧಿ, ಫೀಸು ಕೊಟ್ಟರೆ ಅದರ ಜೊತೆ ದೇವರ ವಿಷಯ ಎತ್ತಲೇಬೇಡಿ. ಹಸಿದವರ ಮುಂದೆ ಆಮಿಷ ಇಟ್ಟ ಹಾಗಾಗುತ್ತದೆ. ಅದು ಸುವಾರ್ತೆಗೂ ಮರ್ಯಾದೆ ಅಲ್ಲ.

ಕೊನೆಗೆ ಆರಾಧನೆಯ ಹೊತ್ತು. ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ ಬರುತ್ತದೆ, ಕ್ರಿಸ್‌ಮಸ್ ಕೂಡ ಆಗಲೇ. ಬೆಳಿಗ್ಗೆ ಹತ್ತು ಗಂಟೆಗೆ ಅಂತ ನೀವೇ ನಿರ್ಧರಿಸಿದರೆ ಕೂಲಿಗೆ ಹೋಗುವ ಹೆಂಗಸರು ಬರುವುದು ಕಷ್ಟ. ಗಂಡಸರು ವಲಸೆ ಹೋದಾಗ ಸಭೆ ನಡೆಸುವವರು ಆ ಹೆಂಗಸರೇ. ಬಂದ ಮೊದಲ ವಾರವೇ ಅವರನ್ನು ಕೂರಿಸಿಕೊಂಡು, ಯಾವ ಹೊತ್ತು ಅನುಕೂಲ ಅಂತ ಕೇಳಿ.