ನೂರಕ್ಕೆ 43 ಹೆಂಗಸರಿಗೆ ಈ ಕಾಯಿಲೆಯಂತೆ, ನನಗೂ ಅದೇನಾ?

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ, ಗಂಗಾವತಿ ಹತ್ತಿರದ ಹಳ್ಳಿ. ಎರಡನೇ ಮಗುವಿಗೆ ಒಂಬತ್ತು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತದೆ. ಹೆರಿಗೆ ಆದಮೇಲೆ ಗಂಡನ ಜೊತೆ ಸೇರುವ ಆಸೆಯೇ ಇಲ್ಲ, ಸೇರಿದರೆ ಉರಿ, ನೋವು. ಮಕ್ಕಳಾಗದ ಆಪರೇಷನ್ ಮಾಡಿಸಿದ್ದಕ್ಕೇ ಹೀಗಾಗಿದೆ ಅಂತಾರೆ ಪಕ್ಕದ ಮನೆಯವರು. ಮೊಬೈಲಿನಲ್ಲಿ ನೋಡಿದರೆ ನೂರಕ್ಕೆ 43 ಹೆಂಗಸರಿಗೆ ಲೈಂಗಿಕ ಕಾಯಿಲೆ ಇದೆ ಅಂತ ಇತ್ತು. ನನಗೂ ಅದೇನಾ?

ಉತ್ತರ: ತಂಗಿ, ಮೊದಲು ಆ 43ರ ಲೆಕ್ಕ ಮುಗಿಸೋಣ. ಅದು ಅಮೆರಿಕದ್ದು. 1992ರಲ್ಲಿ ಅಲ್ಲಿ 18ರಿಂದ 59 ವರ್ಷದ ಸಾವಿರದ ಏಳುನೂರು ಚಿಲ್ಲರೆ ಹೆಂಗಸರನ್ನು ಕೇಳಿದ್ದರು, ಹೋದ ವರ್ಷದಲ್ಲಿ ಕೆಲವು ತಿಂಗಳು ಆಸೆ ಇರಲಿಲ್ಲವಾ, ನೋವಿತ್ತಾ, ಸುಖ ಸಿಗಲಿಲ್ಲವಾ ಅಂತೆಲ್ಲ. ಅದೇ ಲೆಕ್ಕದಲ್ಲಿ ಗಂಡಸರು ನೂರಕ್ಕೆ 31, ಅದನ್ನು ಮಾತ್ರ ಯಾರೂ ಹೇಳಲ್ಲ ನೋಡಿ! ಇದರಿಂದ ನಿಮಗೆ ಸಂಕಟ ಆಗಿದೆಯಾ ಅಂತ ಅಲ್ಲಿ ಲೆಕ್ಕಕ್ಕೇ ತಗೊಂಡಿರಲಿಲ್ಲ. 2008ರಲ್ಲಿ ಅದೇ ದೇಶದ 31 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ಬಂತು. ತೊಂದರೆ ಇದೆ ಅಂದವರು ಮತ್ತೆ ನೂರಕ್ಕೆ 43ರಷ್ಟೇ, ಆದರೆ ತೊಂದರೆಯೂ ಇದೆ, ಅದಕ್ಕೆ ಸಂಕಟವೂ ಇದೆ ಅಂದವರು ನೂರಕ್ಕೆ 12 ಮಾತ್ರ.

ನಮ್ಮ ಕಡೆಯ ಲೆಕ್ಕ ಇನ್ನೂ ವಿಚಿತ್ರ. ವೆಲ್ಲೂರಿನ ಆಸ್ಪತ್ರೆಗೆ ಬಂದಿದ್ದ 149 ಹೆಂಗಸರಲ್ಲಿ ನೂರಕ್ಕೆ 73 ಜನರಿಗೆ ಇಂಥ ತೊಂದರೆ ಇದೆ ಅಂತ ಲೆಕ್ಕ ಸಿಕ್ಕಿತು, ಮೈಸೂರು ಕಡೆಯ ಹಳ್ಳಿಯಲ್ಲಿ ಸುಮಾರು 14. ಎಲ್ಲಿ, ಯಾರು, ಹೇಗೆ ಕೇಳಿದರು ಅನ್ನೋದರ ಮೇಲೆ ನಿಂತ ಮಾತು ಇದು. ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವವರೂ ಮೊದಲು "ಸೊಂಟ ನೋವ್ರೀ, ಬಿಳಿ ಹೋಗ್ತದ್ರೀ" ಅಂತಲೇ ಶುರು ಮಾಡುತ್ತಾರೆ, ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಹತ್ತು ನಿಮಿಷ ಸುಮ್ನೆ ಕೂತರೆ ಆಮೇಲೆ ಅಸಲಿ ಮಾತು ಹೊರಬರುತ್ತದೆ.

ಈಗ ನಿಮ್ಮ ವಿಷಯ. ಹಾಲು ಕುಡಿಸುವಾಗ ಈಸ್ಟ್ರೋಜನ್ ಅನ್ನೋ ಹಾರ್ಮೋನು ಕಡಿಮೆ ಇರುತ್ತದೆ, ಅದಕ್ಕೆ ಒಳಗೆ ಒಣಗಿದ ಹಾಗಾಗಿ ಉರಿಯುತ್ತದೆ. ಒಮ್ಮೆ ಉರಿದರೆ ಮುಂದಿನ ಸಲ ಮೈ ಮೊದಲೇ ಬಿಗಿಯಾಗುತ್ತದೆ, ಬಿಗಿಯಾದರೆ ನೋವು ಇನ್ನೂ ಜಾಸ್ತಿ, ಇನ್ನು ಆಸೆ ಎಲ್ಲಿಂದ ಬರಬೇಕು? ಮೇಲೆ ರಾತ್ರಿ ನಾಲ್ಕು ಸಲ ಏಳೋದು ಬೇರೆ. ಆಪರೇಷನ್ನಿನಲ್ಲಿ ನಾಳ ಮಾತ್ರ ಕಟ್ಟುತ್ತಾರೆ, ಅಂಡಾಶಯ ಹಾಗೇ ಇರುತ್ತದೆ, ಹಾರ್ಮೋನಿಗೂ ಆಪರೇಷನ್ನಿಗೂ ಸಂಬಂಧವಿಲ್ಲ. ಪಕ್ಕದ ಮನೆಯವರಿಗೆ ಇದನ್ನು ಹೇಳಲೇಬೇಕು ಅಂತೇನಿಲ್ಲ ಬಿಡಿ.

ಮೆಡಿಕಲ್ ಶಾಪಿನಲ್ಲಿ ಸೇರುವಾಗ ಹಚ್ಚಿಕೊಳ್ಳುವ, ನೀರಿನಿಂದ ಮಾಡಿದ ಜಾರುವ ಜೆಲ್ (ಲೂಬ್ರಿಕೆಂಟ್) ಸಿಗುತ್ತದೆ, ಅದನ್ನು ಬಳಸಿ ನೋಡಿ. ನಿರೋಧ್ ಬಳಸುತ್ತಿದ್ದರೆ ಕೊಬ್ಬರಿ ಎಣ್ಣೆ ಬೇಡ, ನಿರೋಧ್ ಹರಿದುಹೋಗುತ್ತದೆ. ನೋವಿರುವ ತನಕ ಒಳಗೆ ಸೇರುವುದನ್ನೇ ನಿಲ್ಲಿಸಿ. ಇದನ್ನು ಯಜಮಾನರಿಗೆ ನೀವೇ ಹೇಳಿ, "ಮನಸ್ಸಿಲ್ಲ" ಅನ್ನಬೇಡಿ, "ಉರಿಯುತ್ತದೆ" ಅನ್ನಿ, ಎರಡೂ ಬೇರೆ ಬೇರೆ. ಮುಟ್ಟುವುದು, ಮಾತಾಡುವುದು ಆದಮೇಲೆ ಆಸೆ ಹುಟ್ಟುವುದು ಬಹಳ ಹೆಂಗಸರಲ್ಲಿ ಸಹಜ, ಮೊದಲೇ ಬರಬೇಕು ಅಂತ ಕಾಯಬೇಡಿ.

ಆದರೂ ಒಮ್ಮೆ ಹೆರಿಗೆ ಡಾಕ್ಟರಿಗೆ ತೋರಿಸಿ. ಹೊಲಿಗೆ ಹಾಕಿದ ಜಾಗ ನೋಡಬೇಕು, ರಕ್ತ ಎಷ್ಟಿದೆ, ಥೈರಾಯ್ಡ್ ಹೇಗಿದೆ ಅಂತ ಪರೀಕ್ಷೆ ಆಗಬೇಕು. ಸೇರಿದಮೇಲೆ ರಕ್ತ ಹೋದರೆ ಅಥವಾ ವಾಸನೆಯ ಬಿಳಿ ಹೋದರೆ ತಡಮಾಡಬೇಡಿ. ಇಷ್ಟಕ್ಕೇ ಗರ್ಭಕೋಶ ತೆಗೆಸಿಬಿಡಿ ಅಂತ ಯಾರಾದರೂ ಹೇಳಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ, ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳಿ. ಓಪಿಡಿಯಲ್ಲಿ ಹತ್ತು ಜನರ ಮುಂದೆ ಬಾಯಿ ಬರದಿದ್ದರೆ "ಸೇರುವಾಗ ಉರಿ, ನೋವು" ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟುಬಿಡಿ. ನನಗೂ ಎಷ್ಟೋ ಜನ ಹಾಗೇ ಕೊಡುತ್ತಾರೆ.