ಮನೆ ದುರಸ್ತಿ ಪ್ರಶ್ನೋತ್ತರ: ಹೊಗೆ ಹಿಡಿದ ಮರದ ಮುಚ್ಚಿಗೆ

ಪ್ರಶ್ನೆ: ನಮ್ಮದು ಮಲೆನಾಡಿನ ಹಳೆಯ ಹೆಂಚಿನ ಮನೆ. ನಡುಮನೆಯ ಮುಚ್ಚಿಗೆ ಹಲಸಿನ ಹಲಗೆಯದು, 12 ಅಡಿಗೆ 15 ಅಡಿ. ಒಲೆಯ ಹೊಗೆಗೆ ಕಪ್ಪಾಗಿದೆ, ಹಿಂದೆ ಬಳಿದ ವಾರ್ನಿಷ್ ಸಿಪ್ಪೆ ಏಳುತ್ತಿದೆ. ಸ್ಯಾಂಡಿಂಗ್ ಮೆಷಿನ್ ತಂದು ಉಜ್ಜಿಬಿಡಬಹುದೇ?

ಉತ್ತರ: ಮೆಷಿನ್ ಆಮೇಲೆ, ಮೊದಲು ಜಿಡ್ಡು ಹೋಗಬೇಕು. ಇಲ್ಲಣ ಬರೀ ಧೂಳಲ್ಲ, ಎಣ್ಣೆಪಸೆ ಕೂಡಿದ ಮಸಿ. ಅದರ ಮೇಲೆ ನೇರವಾಗಿ ಉಜ್ಜಿದರೆ ಮಸಿ ಮರದ ರಂಧ್ರಗಳಿಗೆ ಇಳಿದು ಕೂರುತ್ತದೆ, ಸ್ಯಾಂಡ್‌ಪೇಪರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ.

ಹೆಂಚು ಸೋರುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ. ಮೇನ್ ಸ್ವಿಚ್ ಆರಿಸಿ ಬಲ್ಬ್, ಫ್ಯಾನ್ ಬಿಚ್ಚಿ. ಅಟ್ಟವನ್ನೂ ಗುಡಿಸಿ, ಇಲ್ಲವಾದರೆ ಸಂದುಗಳಿಂದ ಧೂಳು ಹಸಿ ಎಣ್ಣೆಯ ಮೇಲೆ ಉದುರುತ್ತದೆ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒಮ್ಮೆಗೆ ಎರಡು ಅಡಿಯಷ್ಟೇ ಒರೆಸಿ. ಕೂಡಲೇ ಶುದ್ಧ ನೀರಿನ ಬಟ್ಟೆಯಿಂದ ಒರೆಸಬೇಕು. ಸೋಡಾ ನಿಂತರೆ ಹಲಸು ಇನ್ನಷ್ಟು ಕಪ್ಪಾಗುತ್ತದೆ. ತಲೆಯ ಮೇಲಿನ ಕೆಲಸವಾದ್ದರಿಂದ ಕನ್ನಡಕ, ಗ್ಲೌಸ್ ಕಡ್ಡಾಯ.

ಎರಡು ದಿನ ಒಣಗಿಸಿ, ಎದ್ದ ವಾರ್ನಿಷನ್ನು ಸ್ಕ್ರೇಪರಿನಿಂದ ತೆಗೆದು, 80, 120, 180ನೇ ನಂಬರಿನ ಪೇಪರಿನಿಂದ ನಾರಿನ ಉದ್ದಕ್ಕೇ ಉಜ್ಜಿ. ವಾರ್ನಿಷ್ ಅಡಿಯಲ್ಲಿ ಹಳೆಯ ಬಣ್ಣ ಕಂಡರೆ ಒಣ ಉಜ್ಜುವಿಕೆ ನಿಲ್ಲಿಸಿ. ಅದರಲ್ಲಿ ಸೀಸ ಇರಬಹುದು, ನೀರು ಚಿಮುಕಿಸಿ ಹೆರೆದು ತೆಗೆಯಿರಿ. ಇನ್ನೊಂದು ಮಾತು: ಹಲಸಿನ ಮೇಲ್ಮೈ ವರ್ಷಗಳ ಬೆಳಕಿಗೆ ಕಂದಾಗಿರುತ್ತದೆ, ಒಳಗೆ ಹಳದಿ. ಅಲ್ಲಲ್ಲಿ ಮಾತ್ರ ಆಳವಾಗಿ ಉಜ್ಜಿದರೆ ಹಳದಿ ತೇಪೆಗಳು ಎದ್ದು ಕಾಣುತ್ತವೆ. ಉಜ್ಜಿದರೆ ಪೂರ್ತಿ ಒಂದೇ ಹದದಲ್ಲಿ ಉಜ್ಜಿ, ಇಲ್ಲವೇ ತೊಳೆಯುವಲ್ಲಿಗೇ ನಿಲ್ಲಿಸಿ. ಮೊಳೆಗಳ ಸುತ್ತಲಿನ ಕಪ್ಪು ಕಬ್ಬಿಣದ ಕಲೆಯನ್ನು ನಾವಾದರೆ ಹಾಗೇ ಬಿಡುತ್ತೇವೆ. ಅದನ್ನು ತೆಗೆಯುವ ಆಕ್ಸಾಲಿಕ್ ಆಮ್ಲ ವಿಷ, ತಲೆಯ ಮೇಲಿಂದ ತೊಟ್ಟಿಕ್ಕುವಾಗ ಅಪಾಯ ಹೆಚ್ಚು.

ಕೊನೆಯ ಲೇಪಕ್ಕೆ ಹೊಳಪಿನ ವಾರ್ನಿಷ್ ಬೇಡ. ಬೇಸಿಗೆಯಲ್ಲಿ ಹೆಂಚಿನ ಕಾವಿಗೆ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗುವ ಹಲಗೆಯ ಮೇಲೆ ಗಟ್ಟಿ ಪದರ ಸಂದುಗಳಲ್ಲಿ ಬಿರಿಯುತ್ತದೆ. ನಿಮ್ಮ ಹಳೆಯ ಲೇಪ ಸಿಪ್ಪೆ ಏಳಲು ಇದೂ ಒಂದು ಕಾರಣವಿರಬಹುದು. ಬೇಯಿಸಿದ ಅಗಸೆ ಎಣ್ಣೆ (ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್) ಸಾಕು: ಎರಡು ಲೀಟರ್ ಎಣ್ಣೆ, ಒಂದು ಲೀಟರ್ ಟರ್ಪೆಂಟೈನ್ ತನ್ನಿ. ಮೊದಲ ಕೈ ಸಮಪಾಲು, ಎರಡನೆಯದು ಬರೀ ಎಣ್ಣೆ, ನಡುವೆ ಎರಡು ದಿನ ಬಿಡುವು. ಪ್ರತಿ ಸಲವೂ 20 ನಿಮಿಷದ ನಂತರ ಮೇಲೆ ನಿಂತ ಎಣ್ಣೆಯನ್ನು ಒರೆಸಿ ತೆಗೆಯಲೇಬೇಕು. ಬಿಟ್ಟರೆ ಅಂಟಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಕಾವು ಏರಿ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಪ್ರಶ್ನೆ: ಜುಲೈಯಲ್ಲಿ ಮುಚ್ಚಿಗೆಗೆ ಫ್ರೆಂಚ್ ಪಾಲಿಶ್ ಮಾಡಿಸಿದೆವು. ಮರುದಿನವೇ ಬಿಳಿ ಮಂಜು ಕವಿದಂತಾಯಿತು. ಮತ್ತೆ ಉಜ್ಜಬೇಕೇ?

ಉತ್ತರ: ಬೇಡ. ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅರಗಿನ ಪದರದಲ್ಲಿ ಸಿಕ್ಕಿಕೊಂಡಿದೆ. ಒಣಹವೆ ಬಂದ ಮೇಲೆ ಸ್ಪಿರಿಟಿನಲ್ಲಿ ತುಸುವೇ ನೆನೆಸಿದ ಬಟ್ಟೆಯ ಉಂಡೆಯಿಂದ ಹಗುರವಾಗಿ ಸವರಿದರೆ ಪದರ ಮೆದುವಾಗಿ ತೇವ ಹೊರಹೋಗುತ್ತದೆ. ಒತ್ತಿದರೆ ಪಾಲಿಶೇ ಎದ್ದು ಬರುತ್ತದೆ. ಇಂಥ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ.

ಪ್ರಶ್ನೆ: ಹಲಗೆಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಪಾಲಿಶ್ ಮಾಡಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ, ಒಳಗಿನ ಹುಳ ತಿನ್ನುತ್ತಲೇ ಇರುತ್ತದೆ. ಕುಟ್ಟೆ ಈಗಲೂ ಜೀವಂತವೇ ಎಂದು ತಿಳಿಯಲು ತೂತುಗಳ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ನೋಡಿ. ಹೊಸ ಪುಡಿ ಬಿದ್ದರೆ, ಹಳೆಯ ಲೇಪ ಪೂರ್ತಿ ತೆಗೆದ ಮರಕ್ಕೆ ಒಂದು ಲೀಟರ್ ಬಿಸಿನೀರಿನಲ್ಲಿ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಮ್ಲ ಕರಗಿಸಿ ಎರಡು ಕೈ ಬಳಿಯಿರಿ. ಎಣ್ಣೆ ಅಥವಾ ಪಾಲಿಶ್ ಮೇಲೆ ಬಳಿದರೆ ಅದು ಮರದೊಳಗೆ ಇಳಿಯುವುದಿಲ್ಲ. ಚೇಗಿನ (ಮರದ ನಡುವಿನ ಗಟ್ಟಿ ತಿರುಳಿನ) ಸುತ್ತಲಿನ ಬಿಳಿ ಭಾಗವೇ ಹುಳಕ್ಕೆ ಇಷ್ಟ, ಅಲ್ಲಿ ಹೆಚ್ಚು ಬಳಿಯಿರಿ. ಸ್ಕ್ರೂಡ್ರೈವರ್ ಸುಲಭವಾಗಿ ಒಳಹೋಗುವ ಹಲಗೆಗೆ ಮದ್ದು ಸಾಲದು, ಅದನ್ನು ಬದಲಿಸಿ ಹಿತ್ತಾಳೆಯ ಸ್ಕ್ರೂ ಹಾಕಿ.